ಕಾಫಿ ಲೋಟದಡಿಗೆ ಒಂದು ತೋಕ್ ಪೂ

ಬೀಟೆ ಮರದ ಟೀಪಾಯಿ ಮೇಲೆ ಬಿಳಿ ಉಂಗುರದಂಥ ಕಲೆ ಇಲ್ಲದ ಮನೆ ಕೊಡಗಿನಲ್ಲಿ ಸಿಗುವುದು ಕಷ್ಟ. ಬಿಸಿ ಲೋಟದ ಶಾಖಕ್ಕೆ ತೇವ ಪಾಲಿಶ್ ಒಳಗೆ ಇಳಿದು ಕೂತುಬಿಡುತ್ತದೆ. ಮಳೆಗಾಲದಲ್ಲಂತೂ ದಿನಕ್ಕೆ ಎಷ್ಟು ಲೋಟ ಕಾಫಿ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಅಂಗಡಿಯ ಪ್ಲಾಸ್ಟಿಕ್ ಕೋಸ್ಟರ್ ಲೋಟದ ತಳಕ್ಕೆ ಅಂಟಿಕೊಂಡೇ ಮೇಲೆ ಬರುತ್ತದೆ. ಹತ್ತಿ ನೂಲಿನದು ಹಾಗಲ್ಲ, ಚೆಲ್ಲಿದ್ದನ್ನು ಹೀರಿಕೊಂಡು ಸುಮ್ಮನೆ ಕೂರುತ್ತದೆ. ಅಂಥದ್ದೊಂದನ್ನು ಹೂವಿನ ಆಕಾರದಲ್ಲಿ ಕ್ರೋಶಾ ಹಾಕೋಣ.

ಹೂವಿನ ಕೋಸ್ಟರ್ ಅಂದರೆ ಗುಲಾಬಿ ಬಣ್ಣದ, ಯಾವ ಊರಿನದ್ದೂ ಅಲ್ಲದ ಹೂವೇ ಆಗಬೇಕೆಂದಿಲ್ಲ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಂದು ಕೋವಿಗೆ ಇಟ್ಟು ಪೂಜಿಸುವ ತೋಕ್ ಪೂ, ಅಂದರೆ ಕೋವಿ ಹೂ, ನಮ್ಮಲ್ಲೇ ಇದೆಯಲ್ಲ. ಆರು ಎಸಳು, ಬುಡ ಹಳದಿ, ತುದಿ ಕೆಂಪು. ಕಾಫಿ ಹೂ ಯಾಕೆ ಬೇಡ ಅಂತ ಕೇಳಬಹುದು. ಮಾಡಬಹುದು, ಚೆನ್ನಾಗಿಯೂ ಇರುತ್ತದೆ. ಆದರೆ ಬಿಳಿ ನೂಲಿನ ಮೇಲೆ ಒಂದು ಸಲ ಡಿಕಾಕ್ಷನ್ ಬಿದ್ದರೆ ಅದರ ಕಥೆ ಮುಗಿಯಿತು. ಹಳದಿ, ಕೆಂಪಿನಲ್ಲಿ ಕಲೆ ಅಷ್ಟು ಕಾಣುವುದಿಲ್ಲ.

ಏನೇನು ಬೇಕು?

ಹಳದಿ ಮತ್ತು ಕೆಂಪು ಹತ್ತಿ ನೂಲು, 3.5 ಮಿಲಿಮೀಟರ್ ಕ್ರೋಶಾ ಕಡ್ಡಿ, ಕತ್ತರಿ, ದಪ್ಪ ಕಣ್ಣಿನ ಸೂಜಿ. ನೂಲು ತೀರಾ ಸಣ್ಣದಿರಬಾರದು. ಲೇಸ್ ಹಾಕುವ ದಾರದಲ್ಲಿ ಮಾಡಿದರೆ ಕೋಸ್ಟರ್ ಪುಟ್ಟದಾಗಿ, ತೆಳ್ಳಗೆ ಬರುತ್ತದೆ, ಲೋಟದ ಬಿಸಿ ಸೀದಾ ಮೇಜಿಗೆ ಇಳಿಯುತ್ತದೆ.

ಅಂಗಡಿಯಲ್ಲಿ ‘ಉಲ್ಲನ್’ ಅಂತ ಕೊಡುವುದರಲ್ಲಿ ಜಾಸ್ತಿ ಅಕ್ರಿಲಿಕ್ಕೇ. ಸ್ವೆಟರಿಗೆ ಸರಿ, ಇದಕ್ಕೆ ಬೇಡ. ಅದು ನೀರು ಹೀರುವುದಿಲ್ಲ, ಜಾಸ್ತಿ ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಅನುಮಾನ ಬಂದರೆ ಒಂದಿಂಚು ನೂಲನ್ನು ಚಿಮುಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿ ಕರಿ ಮಣಿಯಾಗುತ್ತದೆ. ಕೆಂಪು ನೂಲಿಗೆ ಇನ್ನೊಂದು ಪರೀಕ್ಷೆ ಇದೆ: ಒಂದು ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಬಿಳಿ ಬಟ್ಟೆಯ ನಡುವೆ ಒತ್ತಿ. ಬಣ್ಣ ಬಿಟ್ಟರೆ ಆ ನೂಲು ಬೇಡ. ಅದು ಹಳದಿಯನ್ನೂ ಕೆಡಿಸುತ್ತದೆ, ಟೀಪಾಯಿಯನ್ನೂ ಕೆಡಿಸುತ್ತದೆ.

ಮೂರೇ ಸ್ಟಿಚ್

ಚೈನ್ ಎಲ್ಲರಿಗೂ ಗೊತ್ತು: ಕಡ್ಡಿ ಮೇಲಿನ ಕುಣಿಕೆಯೊಳಗಿಂದ ನೂಲು ಎಳೆದು ಹೊಸ ಕುಣಿಕೆ ಮಾಡುತ್ತಾ ಹೋಗುವುದು. ಸ್ಲಿಪ್ ಸ್ಟಿಚ್ ಅಂದರೆ ಕಡ್ಡಿಯನ್ನು ಸ್ಟಿಚ್ ಒಳಗೆ ತೂರಿಸಿ, ನೂಲು ಹಿಡಿದು, ಒಂದೇ ಎಳೆತಕ್ಕೆ ಎಲ್ಲದರಿಂದ ಹೊರತರುವುದು. ಡಬಲ್ ಕ್ರೋಶಾಗೆ ಮೊದಲು ಕಡ್ಡಿಗೆ ನೂಲು ಸುತ್ತಿ. ಆಮೇಲೆ ತೂರಿಸಿ ಎಳೆದರೆ ಕಡ್ಡಿ ಮೇಲೆ ಮೂರು ಕುಣಿಕೆ ಇರುತ್ತವೆ. ನೂಲು ಸುತ್ತಿ ಎರಡರಿಂದ ಎಳೆಯಿರಿ, ಮತ್ತೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ಮುಗಿಯಿತು.

ನಡುವಿನ ಹಳದಿ

ಹಳದಿ ನೂಲಿನಲ್ಲಿ 4 ಚೈನ್ ಹಾಕಿ, ಸ್ಲಿಪ್ ಸ್ಟಿಚ್‌ನಿಂದ ಕೂಡಿಸಿ ಉಂಗುರ ಮಾಡಿ.

ಮೊದಲ ಸುತ್ತು: 3 ಚೈನ್ ಹಾಕಿ. ಇದು ಒಂದು ಡಬಲ್ ಕ್ರೋಶಾದ ಲೆಕ್ಕ. ಉಂಗುರದೊಳಗೆ ಇನ್ನೂ 11 ಡಬಲ್ ಕ್ರೋಶಾ ಹಾಕಿ, ಮೂರನೇ ಚೈನಿಗೆ ಸ್ಲಿಪ್ ಸ್ಟಿಚ್‌ನಿಂದ ಕೂಡಿಸಿ. ಒಟ್ಟು 12.

ಎರಡನೇ ಸುತ್ತು: ಪ್ರತಿ ಸ್ಟಿಚ್‌ಗೂ ಎರಡೆರಡು. ಸುತ್ತು ಶುರು ಮಾಡುವ 3 ಚೈನ್ ಇಲ್ಲಿಯೂ ಒಂದು ಅಂತಲೇ ಎಣಿಸಿ. ಒಟ್ಟು 24.

ಮೂರನೇ ಸುತ್ತು: ಒಂದು ಸ್ಟಿಚ್‌ಗೆ ಎರಡು, ಮುಂದಿನದಕ್ಕೆ ಒಂದು, ಹೀಗೇ ಸುತ್ತ. ಒಟ್ಟು 36. ಕೂಡಿಸಿ, ಹಳದಿ ನೂಲು ಕತ್ತರಿಸಿ, ಗಂಟು ಎಳೆಯಿರಿ.

ಇಲ್ಲಿ ಸ್ವಲ್ಪ ನಿಲ್ಲಿ. ಕೆಲಸವನ್ನು ಮೇಜಿನ ಮೇಲಿಟ್ಟು ಕಣ್ಣು ಮೇಜಿನ ಮಟ್ಟಕ್ಕೆ ತಂದು ನೋಡಿ. ಚಪ್ಪಟೆಯಾಗಿ ಕೂತಿದೆಯಾ? ಡಬಲ್ ಕ್ರೋಶಾದ ಚಕ್ರ ಸಪಾಟಾಗಿ ಬರಬೇಕಾದರೆ ಪ್ರತಿ ಸುತ್ತಿಗೂ ಹನ್ನೆರಡು ಸ್ಟಿಚ್ ಹೆಚ್ಚಬೇಕು. 12, 24, 36 ಅಂತ ಹೋಗುವುದು ಅದಕ್ಕೇ. ಹೆಚ್ಚಿಸಿದ್ದು ಕಮ್ಮಿಯಾದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಜಾಸ್ತಿಯಾದರೆ ಲಂಗದ ಫ್ರಿಲ್ಲಿನಂತೆ ಅಲೆಅಲೆಯಾಗುತ್ತದೆ. ಲೆಕ್ಕ ಸರಿಯಿದ್ದೂ ಬಟ್ಟಲಾಗುತ್ತಿದ್ದರೆ ನಿಮ್ಮ ಕೈ ಬಿಗಿ ಅಂತ ಅರ್ಥ, 4 ಮಿಲಿಮೀಟರ್ ಕಡ್ಡಿ ಹಿಡಿಯಿರಿ. ಎಸಳು ಹಾಕಿದ ಮೇಲೆ ಸರಿಹೋಗುತ್ತದೆ ಅಂತ ಮುಂದೆ ಹೋಗಬೇಡಿ, ಹೋಗುವುದಿಲ್ಲ. ನಿಜವಾದ ತೋಕ್ ಪೂವಿನ ಎಸಳು ಹಿಂದಕ್ಕೆ ಬಾಗಿ ಮೇಲೆ ಏಳುತ್ತದೆ, ಅಂದವೇ ಅದರದ್ದು. ನಮ್ಮದು ಏಳಬಾರದು. ಎದ್ದರೆ ಲೋಟ ಮಗುಚುತ್ತದೆ.

ಕೆಂಪು ಎಸಳು

36ನ್ನು ಆರು ಎಸಳಿಗೆ ಹಂಚಿದರೆ ತಲಾ ಆರು. ಐದು ಎಸಳಿನ ಹೂವಾಗಿದ್ದರೆ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಯಾವುದಾದರೂ ಸ್ಟಿಚ್‌ಗೆ ಕೆಂಪು ನೂಲನ್ನು ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ. ಎರಡು ಸ್ಟಿಚ್ ಬಿಡಿ. ಮೂರನೆಯದರಲ್ಲಿ 3 ಡಬಲ್ ಕ್ರೋಶಾ ಹಾಕಿ. ಈಗ 3 ಚೈನ್ ಹಾಕಿ, ಆ ಮೂರರಲ್ಲಿ ಮೊದಲನೆಯದಕ್ಕೇ ಸ್ಲಿಪ್ ಸ್ಟಿಚ್ ಮಾಡಿದರೆ ಒಂದು ಪುಟ್ಟ ಮೊನೆ ಬರುತ್ತದೆ. ಅದೇ ಸ್ಟಿಚ್‌ನಲ್ಲಿ ಇನ್ನೂ 3 ಡಬಲ್ ಕ್ರೋಶಾ. ಮತ್ತೆ ಎರಡು ಬಿಟ್ಟು, ಮುಂದಿನದಕ್ಕೆ ಸ್ಲಿಪ್ ಸ್ಟಿಚ್. ಒಂದು ಎಸಳು ಆಯಿತು. ಹೀಗೆ ಆರು ಆದರೆ ಶುರು ಮಾಡಿದ ಜಾಗಕ್ಕೇ ಬಂದಿರುತ್ತೀರಿ. ಎಲ್ಲಾದರೂ ಸ್ಟಿಚ್ ಉಳಿದರೆ ಎರಡು ಬಿಡುವ ಕಡೆ ಒಂದೇ ಬಿಟ್ಟಿದ್ದೀರಿ ಎಂದರ್ಥ.

ಆ ಮೊನೆ ಬೇಡವೆನಿಸಿದರೆ ಸುಮ್ನೆ ಒಂದೇ ಸ್ಟಿಚ್‌ನಲ್ಲಿ 7 ಡಬಲ್ ಕ್ರೋಶಾ ಹಾಕಿ. ದುಂಡು ಎಸಳು ಬರುತ್ತದೆ. ಆದರೆ ಆಗ ಅದು ತೋಕ್ ಪೂ ಅನ್ನಿಸುವುದಿಲ್ಲ, ಅಲ್ವಾ?

ನೂಲಿನ ಬಾಲಗಳನ್ನು ಸೂಜಿಯಲ್ಲಿ ಪೋಣಿಸಿ, ಹಿಂಬದಿಯಲ್ಲಿ ಅದದೇ ಬಣ್ಣದೊಳಗೆ ಒಂದಿಂಚು ಓಡಿಸಿ, ತಿರುಗಿಸಿ ವಾಪಸ್ ತನ್ನಿ. ಒಂದೇ ದಿಕ್ಕಿಗೆ ಓಡಿಸಿ ಕತ್ತರಿಸಿದ್ದು ಎರಡು ಸಲ ತೊಳೆಯುವಷ್ಟರಲ್ಲಿ ಎದ್ದು ಬರುತ್ತದೆ.

ಆಕಾರ ಕೂರಿಸುವುದು

ಬೇರೆ ಊರಿನವರು ಒದ್ದೆ ಮಾಡಿ, ಗುಂಡುಪಿನ್ನು ಚುಚ್ಚಿ ಒಣಗಲು ಬಿಡಿ ಅನ್ನುತ್ತಾರೆ. ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಕೂತು ಹಾಗೆ ಮಾಡಿದರೆ ಕೋಸ್ಟರ್ ಒಣಗುವ ಮೊದಲು ಬೂಷ್ಟು ಹಿಡಿಯುತ್ತದೆ. ಅದಕ್ಕೆ ಇಸ್ತ್ರಿ ವಾಸಿ. ದಪ್ಪ ಬಟ್ಟೆಯ ಮೇಲೆ ಕೋಸ್ಟರನ್ನು ಮಗುಚಿ ಹರಡಿ, ಎಸಳಿನ ಮೊನೆಗಳನ್ನು ಬೆರಳಿನಲ್ಲಿ ಎಳೆದು ಕೂರಿಸಿ. ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಕಿ ಇಸ್ತ್ರಿಯನ್ನು ಒತ್ತಿ ಎತ್ತಿ, ಎಳೆಯಬೇಡಿ. ಗಂಜಿ ಹಾಕಬೇಡಿ. ಬೇಸಿಗೆಯಲ್ಲಿ ಗರಿಗರಿಯಾಗಿರುತ್ತದೆ, ಮಳೆ ಶುರುವಾದರೆ ಅಂಟಂಟಾಗಿ ವಾಸನೆ ಬರುತ್ತದೆ.

ಕಾಫಿ ಚೆಲ್ಲಿದರೆ ಆಗಲೇ ತಣ್ಣೀರಿನಲ್ಲಿ ಹಿಂಡಿ. ಮಳೆಗಾಲದಲ್ಲಿ ತೊಳೆದದ್ದನ್ನು ಒಲೆಯ ಹತ್ತಿರ ಒಣಗಿಸುವುದಾದರೆ ಹೊಗೆಗೆ ನೇರವಾಗಿ ಹಿಡಿಯಬೇಡಿ, ಹಳದಿ ಕಂದುತ್ತದೆ. ಇದು ಲೋಟಕ್ಕೆ ಸಾಕು. ಒಲೆಯಿಂದ ಆಗತಾನೇ ಇಳಿಸಿದ ಪಾತ್ರೆಗೆ ಸಾಲದು. ಅದಕ್ಕೆ ಹಳದಿ ಭಾಗವನ್ನು ಇನ್ನೆರಡು ಸುತ್ತು ದೊಡ್ಡದು ಮಾಡಿ. ಸ್ಟಿಚ್ 60 ಆಗುತ್ತವೆ, ಎಸಳು ಹತ್ತು. ಹಾಗೆ ಎರಡು ಹೆಣೆದು, ಬೆನ್ನಿಗೆ ಬೆನ್ನು ಇಟ್ಟು ಹೊಲಿಯಿರಿ.