ಮನೆ ಮಾರುವಾಗ ಯಾರಿಗೆ, ಯಾವಾಗ, ಹೇಗೆ ತೋರಿಸಬೇಕು?

ಗೇಟಿಗೆ ‘ಮನೆ ಮಾರಾಟಕ್ಕಿದೆ’ ಅಂತ ಬೋರ್ಡು ಬಿದ್ದರೆ ಸಾಕು, ಫೋನು ಶುರುವಾಗುತ್ತದೆ. ‘ಸಾರ್, ಇಲ್ಲೇ ರಾಮ್ ಅಂಡ್ ಕೋ ಸರ್ಕಲ್ ಹತ್ರ ಇದೀವಿ, ಈಗ್ಲೇ ಬರ್ಲಾ?’ ಬೇಡ ಅಂದರೆ ಗಿರಾಕಿ ಕೈ ತಪ್ಪಬಹುದು ಅನ್ನುವ ಭಯ. ಬನ್ನಿ ಅಂದರೆ ಒಲೆ ಮೇಲೆ ಸಾರು, ಮಂಚದ ಮೇಲೆ ಮಡಿಸದ ಬಟ್ಟೆ. ಬೋರ್ಡು ಹಾಕುವ ಮೊದಲೇ ಮನೆ ತೋರಿಸುವ ಕ್ರಮ ಯಾವುದು ಅಂತ ಮನೆಯವರೆಲ್ಲ ಕೂತು ಮಾತಾಡಿಕೊಂಡರೆ ಈ ಗಡಿಬಿಡಿ ಇರುವುದಿಲ್ಲ.

ಮೊದಲು ದಾರಿ ಆರಿಸಿ

ನೀವು ಆ ಮನೆಯಲ್ಲೇ ವಾಸವಿದ್ದರೆ ಟೈಮ್ ಕೊಟ್ಟು, ಒಂದು ಸಲಕ್ಕೆ ಒಂದೇ ಕುಟುಂಬವನ್ನು ಕರೆಯುವುದು ಒಳ್ಳೆಯದು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಮುಕ್ಕಾಲು ಗಂಟೆ ಬಿಡಿ. ಭಾನುವಾರ ಎಲ್ಲರನ್ನೂ ಒಟ್ಟಿಗೆ ಕರೆದರೆ ಪೈಪೋಟಿಯಲ್ಲಿ ರೇಟು ಏರುತ್ತದೆ ಅಂತ ಕೆಲವರು ಹೇಳುತ್ತಾರೆ. ದಾವಣಗೆರೆಯಂಥ ಊರಲ್ಲಿ ಇದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಒಬ್ಬರಿಗೊಬ್ಬರು ಗುರುತು ಸಿಗುವುದೇ ಜಾಸ್ತಿ. ಪರಿಚಯದವರ ಮುಂದೆ ಯಾರೂ ದುಡ್ಡಿನ ಮಾತು ಬಿಚ್ಚುವುದಿಲ್ಲ. ಎಲ್ಲರೂ ಟೀ ಕುಡಿದು ಹೋಗುತ್ತಾರೆ, ಅಷ್ಟೇ.

ಮನೆ ಖಾಲಿ ಇದ್ದರೆ ಮಾತು ಬೇರೆ. ಶಾಮನೂರು ಕಡೆ ಹೊಸದಾಗಿ ಕಟ್ಟಿದ ಮನೆ ಅಂದುಕೊಳ್ಳಿ. ಒಂದು ಬೆಳಿಗ್ಗೆ ಪೂರ್ತಿ ಬಾಗಿಲು ತೆಗೆದಿಟ್ಟು ಬಂದವರಿಗೆಲ್ಲ ತೋರಿಸಬಹುದು. ಆದರೆ ಕೀಲಿಯನ್ನು ಬ್ರೋಕರ್ ಕೈಗೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಮೋಟರ್ ಆಫ್ ಆಗಿದೆಯಾ, ಕಿಟಕಿ ಹಾಕಿದ್ದಾರಾ ಅಂತ ನೋಡುವವರು ಯಾರು? ಬ್ರೋಕರ್ ಗಿರಾಕಿಯನ್ನು ಕರೆದುಕೊಂಡು ಬರಲಿ, ಬಾಗಿಲು ತೆಗೆಯಲು ನಿಮ್ಮ ಕಡೆಯವರು ಒಬ್ಬರು ಇರಲಿ.

ಬಾಡಿಗೆಯವರು ಇದ್ದರೆ ಹಿಂದಿನ ದಿನವೇ ಅವರನ್ನು ಕೇಳಿ ಟೈಮ್ ಗೊತ್ತುಮಾಡಿ. ಅದು ಅವರು ಬಾಳುವ ಮನೆ. ಮುನಿಸಿಕೊಂಡ ಬಾಡಿಗೆದಾರ ಬಾಗಿಲಲ್ಲೇ ನಿಂತು ‘ಬೇಸಿಗೇಲಿ ನೀರೇ ಇರಲ್ಲ ಸಾರ್’ ಅಂದರೆ ಮುಗಿಯಿತು.

ಮೊದಲು ವಿಡಿಯೊ, ಆಮೇಲೆ ಭೇಟಿ

ಈಗ ಮನೆ ನೋಡಲು ಅಪ್ಪ ಅಮ್ಮ ಬಂದರೂ, ದುಡ್ಡು ಕೊಡುವ ಮಗ ಎಷ್ಟೋ ಸಲ ಬೆಂಗಳೂರಲ್ಲಿರುತ್ತಾನೆ. ಗೇಟಿನಿಂದ ಟೆರೇಸ್‌ವರೆಗೆ ಎಲ್ಲೂ ಕಟ್ ಮಾಡದೆ ಒಂದು ವಿಡಿಯೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ. ಜೊತೆಗೆ ಸೈಟಿನ ಅಳತೆ, ದಿಕ್ಕು, ಎದುರಿನ ರಸ್ತೆಯ ಅಗಲ ಬರೆಯಿರಿ. ಉತ್ತರ ಬಾಗಿಲೇ ಬೇಕು ಅನ್ನುವವರು ಅಲ್ಲೇ ನಿಲ್ಲುತ್ತಾರೆ. ಇಬ್ಬರಿಗೂ ಸುಮ್ನೆ ಓಡಾಟ ತಪ್ಪುತ್ತದೆ. ಬೀರು, ಮಕ್ಕಳ ಮುಖ ವಿಡಿಯೊದಲ್ಲಿ ಬೇಡ.

ದಿನ, ಹೊತ್ತು

ಭಾನುವಾರ ಎಲ್ಲರಿಗೂ ಬಿಡುವು. ಆದರೆ ಅವತ್ತು ಸಂಜೆ 4.30ರಿಂದ 6ರವರೆಗೆ ರಾಹುಕಾಲ. ನೀವು ನಂಬದಿದ್ದರೂ ಬರುವ ಹಿರಿಯರು ನಂಬಬಹುದು, ಹಾಗಾಗಿ ಬೆಳಿಗ್ಗೆ 9ರಿಂದ 12 ಇಟ್ಟುಕೊಳ್ಳಿ. ಆಷಾಢದಲ್ಲಿ ತೋರಿಸಿ ಪ್ರಯೋಜನವಿಲ್ಲ ಅನ್ನುವುದು ಸರಿಯಲ್ಲ. ಆಷಾಢದಲ್ಲಿ ನೋಡಿ, ಮನೆಯಲ್ಲಿ ಚರ್ಚೆ ಮಾಡಿ, ಶ್ರಾವಣದಲ್ಲಿ ಅಡ್ವಾನ್ಸ್ ಕೊಡುವವರಿದ್ದಾರೆ. ಆ ತಿಂಗಳು ಯಾರೂ ತುಟಿ ಬಿಚ್ಚಲಿಲ್ಲ ಅಂತ ಹೆದರಿ ರೇಟು ಇಳಿಸಬೇಡಿ. ದುಗ್ಗಮ್ಮನ ಜಾತ್ರೆಯ ವಾರ ಮಾತ್ರ ಬಿಟ್ಟುಬಿಡಿ. ಮನೆ ತುಂಬ ನೆಂಟರಿರುವಾಗ ರೂಮು ಎಷ್ಟು ದೊಡ್ಡದು ಅಂತ ಯಾರಿಗೂ ಕಾಣುವುದಿಲ್ಲ.

ಪಾಲಿಕೆ ನೀರು ನಿಮ್ಮ ಬೀದಿಗೆ ಬರುವ ದಿನ ಗೊತ್ತಿದ್ದರೆ ಅದೇ ದಿನ ಕರೆಯಿರಿ. ಇಲ್ಲಿ ಮನೆ ನೋಡಲು ಬಂದವರು ನೀರಿನ ವಿಷಯ ಕೇಳದೆ ಹೋಗುವುದಿಲ್ಲ. ಬಾಯಲ್ಲಿ ಹೇಳುವ ಬದಲು ಸಂಪಿನ ಮುಚ್ಚಳ ಎತ್ತಿ ತೋರಿಸಿ. ಪೈಪಿನಿಂದ ನೀರು ಬೀಳುತ್ತಿರುವುದು, ತಳ ಕಾಣುವಷ್ಟು ತಿಳಿಯಾಗಿರುವುದು ಅವರ ಕಣ್ಣಿಗೇ ಬೀಳಲಿ. ಅದಕ್ಕೆ ವಾರ ಮೊದಲೇ ಸಂಪು ತೊಳೆಸಿ. ಸಂಪು ಎಷ್ಟು ಲೀಟರಿನದು, ಬೋರ್‌ವೆಲ್ ಎಷ್ಟು ಅಡಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಇದಿಷ್ಟು ನಾಲಿಗೆ ತುದಿಯಲ್ಲಿರಲಿ.

ಒಳಗೆ ಕರೆದಾಗ

ಒಡವೆ, ಪಾಸ್‌ಬುಕ್ ಬೀಗದೊಳಗಿಡಿ. ತೋರಿಸುವವರು ಒಬ್ಬರೇ ಸಾಕು. ನಾಲ್ಕು ಜನ ಹಿಂದೆ ಹಿಂದೆ ಓಡಾಡಿದರೆ ಬಂದವರಿಗೆ ಮುಜುಗರ. ಮನೆಯಲ್ಲಿ ಹೆಣ್ಣುಮಕ್ಕಳು ಒಬ್ಬರೇ ಇದ್ದರೆ ಅವತ್ತು ಬೇಡ ಅಂತ ಹೇಳಿ, ಅದರಲ್ಲಿ ಸಂಕೋಚವೇನೂ ಇಲ್ಲ. ಅಡುಗೆಮನೆಯಲ್ಲಿ ಅವರನ್ನು ಸ್ವಲ್ಪ ಹೊತ್ತು ಅವರ ಪಾಡಿಗೆ ಬಿಡಿ. ಗ್ಯಾಸ್ ಎಲ್ಲಿಡೋದು, ಮಿಕ್ಸಿ ಎಲ್ಲಿ ಅಂತ ಅತ್ತೆ ಸೊಸೆ ಮಾತಾಡಿಕೊಳ್ಳಲು ಶುರು ಮಾಡಿದರೆ ಅದು ಒಳ್ಳೆಯ ಲಕ್ಷಣ. ಮಧ್ಯೆ ಬಾಯಿ ಹಾಕಬೇಡಿ.

ಬಚ್ಚಲಿಗೆ ಅಂಟಿಕೊಂಡ ರೂಮಿನ ಗೋಡೆಯಲ್ಲಿ ಬಣ್ಣ ಉಬ್ಬಿ, ಮುಟ್ಟಿದರೆ ಪುಡಿ ಉದುರುತ್ತಾ? ಅದಕ್ಕೆ ಬೀರು ಅಡ್ಡ ಇಡುವವರಿದ್ದಾರೆ. ದಯವಿಟ್ಟು ಇಡಬೇಡಿ. ಮಾಮೂಲಿ ಎಚ್ಚರದಿಂದ ನೋಡಿದರೂ ಕೊಳ್ಳುವವರಿಗೆ ಗೊತ್ತಾಗದ, ಆದರೆ ನಿಮಗೆ ಗೊತ್ತಿರುವ ದೊಡ್ಡ ದೋಷವನ್ನು ನೀವಾಗಿಯೇ ಹೇಳಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆಗುವುದಾದರೆ ರಿಪೇರಿ ಮಾಡಿಸಿ. ಇಲ್ಲದಿದ್ದರೆ ಪ್ಲಂಬರ್ ಹೇಳಿದ ಖರ್ಚು ಎಷ್ಟು ಅಂತ ಅಲ್ಲೇ ಹೇಳಿ. ಚೌಕಾಸಿ ಆ ಮೊತ್ತದ ಆಸುಪಾಸಿನಲ್ಲೇ ನಿಲ್ಲುತ್ತದೆ. ಅವರೇ ಕಂಡುಹಿಡಿದರೆ ಇಡೀ ಮನೆ ಮೇಲೆ ಅನುಮಾನ ಬರುತ್ತದೆ.

ಎರಡನೇ ಸಲ ಬಂದಾಗ ಕಾಗದ

ಮೊದಲ ಭೇಟಿಗೆ ಕಾಗದಪತ್ರ ಹರಡಿಕೊಂಡು ಕೂರಬೇಡಿ. ಮೇಸ್ತ್ರಿಯನ್ನೋ ವಾಸ್ತು ನೋಡುವವರನ್ನೋ ಕರೆದುಕೊಂಡು ಎರಡನೇ ಸಲ ಬಂದರೆ ಅವರಿಗೆ ನಿಜವಾಗಿ ಮನಸ್ಸಿದೆ ಅಂತ ಅರ್ಥ. ಆಗ ಕ್ರಯಪತ್ರ, ಇ-ಖಾತಾ, ಈ ವರ್ಷದ ಕಂದಾಯದ ರಸೀದಿ, ಕಟ್ಟಡದ ಪ್ಲ್ಯಾನ್, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ತೆಗೆದ ಹೊಸ ಇ.ಸಿ. (ಋಣಭಾರ ಪ್ರಮಾಣಪತ್ರ) ಒಂದೇ ಫೈಲಿನಲ್ಲಿರಲಿ. ಬ್ಯಾಂಕ್ ಸಾಲ ಇದ್ದರೆ ಎಷ್ಟು ಬಾಕಿ ಅನ್ನುವುದನ್ನೂ ಹೇಳಿ. ಅಸಲು ಪತ್ರ ನಿಮ್ಮ ಕೈ ಬಿಟ್ಟು ಹೋಗಬಾರದು, ವಕೀಲರಿಗೆ ತೋರಿಸಲು ಜೆರಾಕ್ಸ್ ಸಾಕು.

ಮನೆ ಹಿಡಿಸಿ ಅಲ್ಲೇ ಜೇಬಿನಿಂದ ಅಡ್ವಾನ್ಸ್ ತೆಗೆಯುವವರಿದ್ದಾರೆ. ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ನಗದಾಗಿ ತೆಗೆದುಕೊಂಡರೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

ಬಂದುಹೋದವರ ಹೆಸರು, ನಂಬರು, ತಾರೀಖು, ಯಾರ ಮೂಲಕ ಬಂದರು ಅನ್ನುವುದನ್ನು ಅವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದೇ ಗಿರಾಕಿಯನ್ನು ಇಬ್ಬರು ಬ್ರೋಕರ್‌ಗಳು ಬೇರೆ ಬೇರೆ ದಿನ ಕರೆತರುವುದುಂಟು. ವ್ಯವಹಾರ ಕುದುರಿದ ಮೇಲೆ ಇಬ್ಬರೂ ಕಮಿಷನ್ ಕೇಳುತ್ತಾರೆ. ಮೊದಲು ಕರೆತಂದವರಿಗೇ ಕಮಿಷನ್, ಅದು ಇಷ್ಟೇ ಅಂತ ಮೊದಲ ದಿನವೇ ಇಬ್ಬರಿಗೂ ವಾಟ್ಸಾಪ್‌ನಲ್ಲಿ ಬರೆದು ಕಳಿಸಿಬಿಡಿ.