ಟ್ರೈಪಾಡ್ ಇದ್ದರೂ ಚಿತ್ರ ಮಸುಕು: ಸರಿಹೋದ ಬಗೆ

ಬೆಟ್ಟದ ನೆತ್ತಿಯಲ್ಲಿ ಮುಂಜಾವಿಗೆ ತೆಗೆದ 2 ಸೆಕೆಂಡಿನ ಎಕ್ಸ್‌ಪೋಶರ್‌ಗಳೆಲ್ಲ (ಅಷ್ಟು ಹೊತ್ತು ಬೆಳಕು ಒಳಬಿಟ್ಟು ತೆಗೆದ ಚಿತ್ರಗಳು) ಮಸುಕು. ಫೋಕಸ್ ತಪ್ಪಿರಲಿಲ್ಲ, ದೊಡ್ಡದು ಮಾಡಿ ನೋಡಿದರೆ ಅಂಚುಗಳು ಒಂದೇ ದಿಕ್ಕಿಗೆ ಜೋಡಿಯಾಗಿ ಕಂಡವು. ಅಂದರೆ ಗಾಳಿಗೆ ಕ್ಯಾಮೆರಾ ಅಲುಗಿದೆ.

ಮೊದಲ ಕಾರಣ ಮೇಲೆತ್ತಿದ್ದ ನಡುಗಂಬ, ಅಂದರೆ ಟ್ರೈಪಾಡಿನಲ್ಲಿ ಕ್ಯಾಮೆರಾ ಹೊರುವ ನಡುವಿನ ಕಂಬ. ಅದನ್ನು ಪೂರ್ತಿ ಇಳಿಸಿ, ಕಾಲುಗಳ ತೀರಾ ತೆಳುವಾದ ಕೊನೆಯ ತುಂಡುಗಳನ್ನು ಒಳಗೆ ಸರಿಸಿದೆ. ಎರಡನೆಯದು, ಭಾರಕ್ಕೆಂದು ಟ್ರೈಪಾಡಿನ ಕೊಕ್ಕೆಗೆ ನೇತುಹಾಕಿದ್ದ ಬೆನ್ನುಚೀಲ. ತೂಗಾಡುವ ಚೀಲ ಟ್ರೈಪಾಡನ್ನೇ ಅಲುಗಿಸುತ್ತದೆ! ಅದರ ತಳ ನೆಲಕ್ಕೆ ತಾಗಿ ನಿಲ್ಲುವಷ್ಟು ಇಳಿಸಿ ಕಟ್ಟಬೇಕು. ಪಟಪಟ ಬಡಿಯುವ ಕ್ಯಾಮೆರಾದ ಕೊರಳಪಟ್ಟಿಯನ್ನೂ ಬಿಚ್ಚಿದೆ. ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಆಫ್, ಗುಂಡಿ ಒತ್ತಿದ ಅಲುಗಾಟ ನಿಲ್ಲಲೆಂದು 2 ಸೆಕೆಂಡಿನ ಟೈಮರ್ ಆನ್.

ಇಷ್ಟಾದರೂ ಗಾಳಿ ಬಿಡದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) 100ರಿಂದ 800ಕ್ಕೆ ಏರಿಸಿ; 2 ಸೆಕೆಂಡಿನ ಎಕ್ಸ್‌ಪೋಶರ್ 1/4 ಸೆಕೆಂಡಿಗೆ ಇಳಿಯುತ್ತದೆ. ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು) ಸ್ವಲ್ಪ ಹೆಚ್ಚುತ್ತದೆ, ಆದರೂ ಮಸುಕಿಗಿಂತ ವಾಸಿ.