ಠಾಣೆಗೆ ಹೋಗುವ ಮುನ್ನ: ನಿಮ್ಮ ಪ್ರಕರಣ ಯಾವ ಬಗೆಯದು?

ಗದಗ ಸೀಮೆಯ ಒಂದು ಎರೆಹೊಲದಲ್ಲಿ ಬದು ಒತ್ತಿದ ಜಗಳ ಎಂದುಕೊಳ್ಳಿ. ಮಾತಿಗೆ ಮಾತು ಬೆಳೆದು ಒಬ್ಬ ಇನ್ನೊಬ್ಬನ ಕಪಾಳಕ್ಕೆ ಹೊಡೆದ. ಪೆಟ್ಟು ತಿಂದವನು ಠಾಣೆಗೆ ಹೋದರೆ, ‘ಇದಕ್ಕೆ ಎಫ್‌ಐಆರ್ ಆಗುವುದಿಲ್ಲ, ಕೋರ್ಟಿಗೆ ಹೋಗಿ’ ಎಂಬ ಉತ್ತರ. ಎದುರಾಳಿ ದುಡ್ಡು ಕೊಟ್ಟಿದ್ದಾನೆಂಬ ಅನುಮಾನ ಬರುವುದು ಸಹಜವೇ. ಆದರೆ ಬರೀ ಕಪಾಳದ ಪೆಟ್ಟಿನ ಮಟ್ಟಿಗೆ ಅಲ್ಲಿ ಹೇಳಿದ್ದು ಕಾನೂನೇ.

ಮೊದಲು ನೋಡಬೇಕಾದದ್ದು, ಅಪರಾಧ ಸಂಜ್ಞೇಯವೋ ಅಸಂಜ್ಞೇಯವೋ ಎಂಬುದನ್ನು. ಸಂಜ್ಞೇಯವಾದರೆ ಪೊಲೀಸರು ಎಫ್‌ಐಆರ್ ದಾಖಲಿಸಿ, ನ್ಯಾಯಾಲಯದ ಅಪ್ಪಣೆಗೆ ಕಾಯದೆ ತನಿಖೆ ಮಾಡಬಹುದು. ಅಸಂಜ್ಞೇಯವಾದರೆ ದೂರಿನ ಸಾರಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು; ಅವರ ಆದೇಶವಿಲ್ಲದೆ ತನಿಖೆ ಇಲ್ಲ. ಹಾಗೆಂದಾಗ ಬರಿಗೈಯಲ್ಲಿ ಮರಳಬೇಡಿ, ಹಿಂಬರಹ (ಠಾಣೆಯವರು ಬರೆದುಕೊಡುವ ಉತ್ತರ) ಕೇಳಿ ಪಡೆಯಿರಿ.

ಅದೇ ಬದುವಿನ ಜಗಳದಲ್ಲಿ ಹಲ್ಲು ಮುರಿದರೆ ಲೆಕ್ಕವೇ ಬದಲಾಗುತ್ತದೆ. ಹಳೆಯ ಐಪಿಸಿಯ ಜಾಗಕ್ಕೆ ಬಂದ, ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಸಾಧಾರಣ ಪೆಟ್ಟಿಗೆ (ಕಲಂ 115) ಒಂದು ವರ್ಷದವರೆಗೆ ಸಜೆ, ಅದು ಅಸಂಜ್ಞೇಯ. ಮೂಳೆ ಅಥವಾ ಹಲ್ಲು ಮುರಿದರೆ, ಇಲ್ಲವೇ ಹದಿನೈದು ದಿನ ನಿತ್ಯದ ಕೆಲಸ ಮಾಡಲಾಗದಂತೆ ಆದರೆ ಅದು ತೀವ್ರ ಗಾಯ; ಏಳು ವರ್ಷದವರೆಗೆ ಸಜೆ, ಸಂಜ್ಞೇಯ. ಗಾಯ ಸಣ್ಣದಾದರೂ ಕುಡಗೋಲಿನಿಂದ ಆಗಿದ್ದರೆ ಕಲಂ 118, ಅದೂ ಸಂಜ್ಞೇಯ. ಹಾಗಾಗಿ ದೂರಿನಲ್ಲಿ ‘ಮನಬಂದಂತೆ ಹಲ್ಲೆ ಮಾಡಿದರು’ ಎಂದು ಬರೆದರೆ ಸಾಲದು. ಯಾವುದರಿಂದ ಹೊಡೆದರು, ಎಲ್ಲಿಗೆ ಪೆಟ್ಟು ಬಿತ್ತು, ಏನು ಮುರಿಯಿತು ಎಂಬುದನ್ನೂ ಬರೆಯಿರಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯ ದಾಖಲಾಗುವಂತೆ ನೋಡಿಕೊಳ್ಳಿ. ಹಲವು ಆರೋಪಗಳಲ್ಲಿ ಒಂದು ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣ ಸಂಜ್ಞೇಯವೇ. ಇದು ಗೊತ್ತಿರುವವರು ಕೈಯಲ್ಲಿಲ್ಲದ ಕುಡಗೋಲನ್ನೂ ದೂರಿನಲ್ಲಿ ಸೇರಿಸುವುದುಂಟು. ಅಡ್ಡಸವಾಲಿನಲ್ಲಿ ಆ ಸುಳ್ಳು ಕಳಚಿದರೆ ನಿಜವಾದ ಪೆಟ್ಟನ್ನೂ ಯಾರೂ ನಂಬುವುದಿಲ್ಲ.

ನಂತರದ ಪ್ರಶ್ನೆ ಜಾಮೀನು. ಜಾಮೀನುರಹಿತ ಅಪರಾಧ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ಊರೆಲ್ಲ ನಂಬಿದೆ. ಹಾಗಲ್ಲ. ಜಾಮೀನು ಸಿಗಬಹುದಾದ ಅಪರಾಧದಲ್ಲಿ ಅದು ಆರೋಪಿಯ ಹಕ್ಕು, ಠಾಣೆಯಲ್ಲೇ ಪಡೆಯಬಹುದು. ಜಾಮೀನುರಹಿತವಾದರೆ ಕೊಡುವುದು ಬಿಡುವುದು ಸಾಮಾನ್ಯವಾಗಿ ನ್ಯಾಯಾಲಯದ ವಿವೇಚನೆ. ಸಂಜ್ಞೇಯವಾದದ್ದೆಲ್ಲ ಜಾಮೀನುರಹಿತವೂ ಅಲ್ಲ: ಮೇಲಿನ ಹಲ್ಲು ಮುರಿದ ಪ್ರಕರಣದಲ್ಲಿ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಆರೋಪಿ ಮರುದಿನ ಊರಲ್ಲಿ ಓಡಾಡಿದರೆ ಕೇಸು ಬಿದ್ದುಹೋಯಿತೆಂದು ತಿಳಿಯಬೇಡಿ.

ರಾಜಿಗೂ ನಿಯಮವಿದೆ. ಸಾಧಾರಣ ಪೆಟ್ಟಿನ ಪ್ರಕರಣವನ್ನು ಗಾಯಗೊಂಡವನೇ ರಾಜಿ ಮಾಡಿಕೊಳ್ಳಬಹುದು. ತೀವ್ರ ಗಾಯಕ್ಕೆ ನ್ಯಾಯಾಲಯದ ಅನುಮತಿ ಬೇಕು. ಕೊಲೆ, ಅತ್ಯಾಚಾರಗಳಲ್ಲಿ ಹಿರಿಯರು ಪಂಚಾಯ್ತಿ ಕಟ್ಟೆಯಲ್ಲಿ ಏನು ತೀರ್ಮಾನಿಸಿದರೂ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಇದೆಲ್ಲ ಒಂದೇ ಕಡೆ ಸಿಗುವುದು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ, ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯಲ್ಲಿ. ಕಲಂ, ಶಿಕ್ಷೆ, ಸಂಜ್ಞೇಯವೇ, ಜಾಮೀನು ಉಂಟೇ, ಯಾವ ನ್ಯಾಯಾಲಯ ಎಂದು ಸಾಲಾಗಿ ಕೊಟ್ಟಿದ್ದಾರೆ. ರಾಜಿಯ ಪಟ್ಟಿ ಮಾತ್ರ ಕಲಂ 359ರಲ್ಲಿದೆ. 2024ರ ಜುಲೈ 1ರಿಂದ ನಡೆದ ಘಟನೆಗಳಿಗೆ ಹೊಸ ಸಂಖ್ಯೆಗಳೇ ಅನ್ವಯ. ಕಟ್ಟೆಯ ಮೇಲೆ ಇನ್ನೂ ಐಪಿಸಿಯ ಲೆಕ್ಕದಲ್ಲಿ ‘ಫೋರ್ ಟ್ವೆಂಟಿ’ ಎಂದೇ ಬೈಯುತ್ತಾರೆ, ವಂಚನೆಯ ಕಲಂ ಈಗ 318!

ಸಂಜ್ಞೇಯವಾಗಿದ್ದೂ ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಗದಗ, ಹಾವೇರಿಯವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಹುಬ್ಬಳ್ಳಿ–ಧಾರವಾಡ ನಗರದವರು ಪೊಲೀಸ್ ಆಯುಕ್ತರಿಗೆ ಲಿಖಿತವಾಗಿ ಕೊಡಬೇಕು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯದ ಮಿತಿ ಇಲ್ಲ.